ಇನ್ನೂರ ಹದಿನಾಲ್ಕು ಕೋಟಿಯ ಒಂದು ಅವಿಭಾಜ್ಯ ಸಂಖ್ಯೆ

2,14,74,83,647. ಬಾಯಲ್ಲಿ ಹೇಳುವುದಾದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಮೇಲ್ನೋಟಕ್ಕೆ ಈ ಹತ್ತಂಕಿಯ ಸಂಖ್ಯೆಯಲ್ಲಿ ವಿಶೇಷವೇನೂ ಕಾಣದು. ಆದರೆ 1 ಮತ್ತು ಈ ಸಂಖ್ಯೆ, ಇವೆರಡನ್ನು ಬಿಟ್ಟರೆ ಬೇರೆ ಯಾವ ಪೂರ್ಣಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸಲಾರದು. ಎಂದರೆ ಇದೊಂದು ಅವಿಭಾಜ್ಯ ಸಂಖ್ಯೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ನೆಲೆಸಿದ್ದ ಗಣಿತಜ್ಞ ಲಿಯೊನಾರ್ಡ್ ಆಯ್ಲರನು 1772ರಲ್ಲಿ ಈ ಸಂಗತಿಯನ್ನು ಸಾಧಿಸಿ ತೋರಿಸಿದನು. ಆ ವೇಳೆಗೆ ಅವನು ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದನು. ಗಣಕಯಂತ್ರಗಳ ಕಲ್ಪನೆಯೂ ಅಂದು ಇರಲಿಲ್ಲ.

ಇಲ್ಲಿ ವಿಚಾರ ಮಾಡತಕ್ಕ ಒಂದು ಪ್ರಶ್ನೆ ಇದೆ. ಒಂದು ಸಂಖ್ಯೆಗೆ ಭಾಜಕ 'ಇದೆ' ಎನ್ನುವವನು ಆ ಭಾಜಕವನ್ನು ಮುಂದಿಟ್ಟರೆ ಸಾಕು. ವಾದ ಅಲ್ಲಿಗೆ ಮುಗಿಯಿತು. ಆದರೆ 'ಇಲ್ಲ' ಎನ್ನುವವನು ಏನನ್ನು ತೋರಿಸಬೇಕು? ಹುಡುಕಿದೆ, ಸಿಗಲಿಲ್ಲ ಎಂದರೆ ಅದು ಸಾಧನೆಯಾಗದು. ಹುಡುಕಿದ್ದು ಸಾಲದೆಂದು ಯಾರಾದರೂ ಆಕ್ಷೇಪಿಸಬಹುದು. ಇಲ್ಲವೆಂಬುದನ್ನು ನಿಸ್ಸಂದೇಹವಾಗಿ ಹೇಳುವ ಬಗೆ ಯಾವುದು? ಆಯ್ಲರನ ಸಾಧನೆಯ ಜೀವಾಳ ಈ ಪ್ರಶ್ನೆಗೆ ಅವನು ಕೊಟ್ಟ ಉತ್ತರದಲ್ಲಿದೆ. ಪ್ರೌಢಶಾಲೆಯ ಗಣಿತವನ್ನು ಬಲ್ಲ ಯಾರೇ ಆಗಲಿ ಅದನ್ನು ಹೆಜ್ಜೆ ಹೆಜ್ಜೆಯಾಗಿ ಅನುಸರಿಸಬಹುದು.

ಸಂಖ್ಯೆಯ ಕುಲ

ಎರಡನ್ನು ಎರಡರಿಂದ ಪುನಃ ಪುನಃ ಗುಣಿಸುತ್ತ ಹೋದರೆ 2, 4, 8, 16, 32 ಎಂಬ ಶ್ರೇಣಿ ದೊರೆಯುತ್ತದೆ. ಇವುಗಳನ್ನು 2ರ ಘಾತಗಳೆಂದು ಕರೆಯುತ್ತೇವೆ. ಇದರ ಮೂವತ್ತೊಂದನೆಯ ಪದ, ಅಂದರೆ 2³¹, 2,14,74,83,648. ಅದರಲ್ಲಿ ಒಂದನ್ನು ಕಳೆದರೆ ನಮ್ಮ ಸಂಖ್ಯೆ. ಆದುದರಿಂದ ಇದನ್ನು 2³¹ − 1 ಎಂದು ಸಂಕ್ಷೇಪವಾಗಿ ಬರೆಯಬಹುದು.

ಇದೇ ರೀತಿ 2² − 1 = 3, 2³ − 1 = 7, 2⁵ − 1 = 31, 2⁷ − 1 = 127. ಇವೆಲ್ಲವೂ ಅವಿಭಾಜ್ಯಗಳು. ಘಾತಾಂಕವೇ ವಿಭಾಜ್ಯವಾಗಿದ್ದರೆ ಫಲವೂ ವಿಭಾಜ್ಯವಾಗುತ್ತದೆ. 15 ಎಂಬುದು 3 ಮತ್ತು 5ರ ಗುಣಲಬ್ಧ; ಅಂತೆಯೇ 2¹⁵ − 1 = 32,767 ಎಂಬುದನ್ನು 2³ − 1 (ಅಂದರೆ 7) ಹಾಗೂ 2⁵ − 1 (ಅಂದರೆ 31) ಎರಡೂ ಭಾಗಿಸುತ್ತವೆ. ಆದ್ದರಿಂದ ಘಾತಾಂಕ ಅವಿಭಾಜ್ಯವಾಗಿರಬೇಕಾದುದು ಅವಶ್ಯಕ. ಆದರೆ ಅಷ್ಟೇ ಸಾಲದು. 11 ಅವಿಭಾಜ್ಯವೇ ಸರಿ; ಆದರೂ 2¹¹ − 1 = 2,047 = 23 × 89.

ಈ ಕುಲದ ಸಂಖ್ಯೆಗಳಲ್ಲಿ ಯಾವುವು ಅವಿಭಾಜ್ಯ ಎಂಬ ಕುತೂಹಲಕ್ಕೆ ಗ್ರೀಕರ ಕಾಲದಿಂದಲೂ ಒಂದು ಕಾರಣವಿತ್ತು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗಿರುವ ಸಂಖ್ಯೆಗೆ ಪರಿಪೂರ್ಣ ಸಂಖ್ಯೆ ಎಂದು ಹೆಸರು. 6 = 1 + 2 + 3; 28 = 1 + 2 + 4 + 7 + 14. ಎರಡರ ಘಾತಕ್ಕಿಂತ ಒಂದು ಕಡಮೆಯಾದ ಪ್ರತಿಯೊಂದು ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಯನ್ನು ಹಡೆಯುತ್ತದೆಂದು ಯೂಕ್ಲಿಡನೇ ತೋರಿಸಿದ್ದನು. 3ರಿಂದ 6, 7ರಿಂದ 28, 31ರಿಂದ 496, 127ರಿಂದ 8,128.

1603ರಲ್ಲಿ ಇಟಲಿಯ ಕತಾಲ್ಡಿಯು ಘಾತಾಂಕ 17 ಮತ್ತು 19 ಆದಾಗ ಅವಿಭಾಜ್ಯಗಳು ಬರುತ್ತವೆಂದು ಸರಿಯಾಗಿಯೇ ತೋರಿಸಿ, ಅದರೊಡನೆ 23, 29, 31, 37ಕ್ಕೂ ಹಾಗೆಯೇ ಎಂದು ಹೇಳಿದನು. 1640ರಲ್ಲಿ ಫ್ರಾನ್ಸಿನ ಫರ್ಮಾ 23 ಮತ್ತು 37ರ ಭಾಜಕಗಳನ್ನು ಕಂಡುಹಿಡಿದನು. 29ರ ವಿಷಯದಲ್ಲಿಯೂ ಕತಾಲ್ಡಿಯ ಮಾತು ತಪ್ಪೆಂದು ಮುಂದೆ ಆಯ್ಲರನು ತೋರಿಸಿದನು. 2²⁹ − 1ನ್ನು 233 ಎಂಬ ಚಿಕ್ಕ ಸಂಖ್ಯೆಯೇ ಭಾಗಿಸುತ್ತದೆ. ಪ್ಯಾರಿಸಿನ ಪಾದ್ರಿ ಮರ್ಸೆನ್ 1644ರಲ್ಲಿ ತನ್ನದೇ ಒಂದು ಪಟ್ಟಿಯನ್ನು ಪ್ರಕಟಿಸಿದನು. ಅದರಲ್ಲಿಯೂ 31 ಇತ್ತು. ಈ ಕುಲಕ್ಕೆ ಇಂದಿಗೂ ಅವನ ಹೆಸರೇ ನಿಂತಿದೆ. ಆದರೆ ಅವನ ಪಟ್ಟಿಯಲ್ಲಿದ್ದ 67 ಮತ್ತು 257 ತಪ್ಪು. ಇರಬೇಕಾಗಿದ್ದ 61, 89, 107 ಬಿಟ್ಟುಹೋಗಿದ್ದವು. ಹೀಗೆ ದೊಡ್ಡವರ ಹೇಳಿಕೆಗಳೇ ಒಂದರ ಮೇಲೊಂದು ಉರುಳುತ್ತಿದ್ದಾಗ, 31ರ ಗತಿಯೇನು ಎಂಬುದು ನೂರು ವರ್ಷಕ್ಕೂ ಮೀರಿ ತೀರ್ಮಾನವಾಗದೆ ಉಳಿದಿತ್ತು.

ಮೊದಲನೆಯ ಜರಡಿ

ಮೊದಲು ಸಾಮಾನ್ಯ ಮಾರ್ಗವನ್ನು ನೋಡೋಣ. ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಒಂದು ಅದರ ವರ್ಗಮೂಲವನ್ನು ಮೀರಲಾರದು. 46,340ರ ವರ್ಗ ನಮ್ಮ ಸಂಖ್ಯೆಗಿಂತ ಕಡಮೆ. 46,341ರ ವರ್ಗ ಹೆಚ್ಚು. ಆದುದರಿಂದ 46,340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇದರಿಂದ 'ಇಲ್ಲ' ಎಂಬ ಮಾತಿಗೆ ಒಂದು ಎಲ್ಲೆ ಸಿಕ್ಕಿತು. ಆದರೆ ಆ ಎಲ್ಲೆಯೊಳಗೆ ಸುಮಾರು 4,800 ಅವಿಭಾಜ್ಯಗಳಿವೆ. ಹತ್ತಂಕಿಯ ಸಂಖ್ಯೆಯನ್ನು ಕೈಯಿಂದ ಅಷ್ಟು ಬಾರಿ ಭಾಗಿಸುವುದು, ಒಂದರಲ್ಲಿಯೂ ತಪ್ಪದಿರುವುದು, ಮನುಷ್ಯಮಾತ್ರರಿಗೆ ಸುಲಭವಲ್ಲ. ಆದ್ದರಿಂದ ಆ ಗುಂಪನ್ನು ಜರಡಿ ಹಿಡಿಯಬೇಕು.

23 ಎಂಬುದು 2¹¹ − 1ನ್ನು ಭಾಗಿಸುತ್ತದೆಂದು ಕಂಡೆವಷ್ಟೆ. 2ರ ಘಾತಗಳನ್ನು ಕ್ರಮವಾಗಿ 23ರಿಂದ ಭಾಗಿಸಿ ಶೇಷಗಳನ್ನು ಬರೆಯೋಣ: 2, 4, 8, 16, 9, 18, 13, 3, 6, 12, 1. ಹನ್ನೊಂದನೆಯ ಹೆಜ್ಜೆಗೆ ಶೇಷ 1 ಬಂದಿತು. ಮುಂದೆ ಮತ್ತೆ 2, 4, 8 ಎಂದು ಅದೇ ಸುತ್ತು ಗಾಣದ ಎತ್ತಿನಂತೆ ನಡೆಯುತ್ತದೆ. ಶೇಷ 1 ಆಗುವುದು 11, 22, 33 ಹೀಗೆ ಸುತ್ತಿನ ಅಪವರ್ತ್ಯಗಳಲ್ಲಿ ಮಾತ್ರ.

ಈಗ 2³¹ − 1ಕ್ಕೆ ಒಂದು ಅವಿಭಾಜ್ಯ ಭಾಜಕ ಇದೆಯೆಂದು ಭಾವಿಸೋಣ. ಅದನ್ನು 'ಭ' ಎನ್ನೋಣ. ಆಗ 2³¹ನ್ನು ಭ-ದಿಂದ ಭಾಗಿಸಿದರೆ ಶೇಷ 1. ಅಂದರೆ ಶೇಷಗಳ ಸುತ್ತಿನ ಉದ್ದ 31ನ್ನು ಭಾಗಿಸಲೇಬೇಕು. 31 ಅವಿಭಾಜ್ಯವಾದ್ದರಿಂದ ಆ ಉದ್ದ 1 ಇಲ್ಲವೆ 31. ಉದ್ದ 1 ಆಗಿದ್ದರೆ 2ನ್ನು ಭಾಗಿಸಿದಾಗಲೇ ಶೇಷ 1 ಬರಬೇಕಾಗುತ್ತಿತ್ತು; ಅದು ಅಸಂಭವ. ಆದುದರಿಂದ ಸುತ್ತಿನ ಉದ್ದ ಸರಿಯಾಗಿ 31.

ಇನ್ನೊಂದು ಕಡೆ ಫರ್ಮಾನ ಪ್ರಸಿದ್ಧ ಪ್ರಮೇಯವೊಂದು ನಮ್ಮ ನೆರವಿಗೆ ಬರುತ್ತದೆ. ಭ ಎಂಬುದು 2ಕ್ಕಿಂತ ದೊಡ್ಡದಾದ ಅವಿಭಾಜ್ಯವಾಗಿದ್ದರೆ, 2ರ (ಭ − 1)ನೆಯ ಘಾತವನ್ನು ಭ-ದಿಂದ ಭಾಗಿಸಿದಾಗ ಶೇಷ 1 ಎಂಬುದೇ ಆ ಪ್ರಮೇಯ. 23ರ ಉದಾಹರಣೆಯಲ್ಲಿ 22ನೆಯ ಹೆಜ್ಜೆಗೆ ಶೇಷ 1 ಬರುವುದನ್ನು ವಾಚಕರು ಗಮನಿಸಿರಬಹುದು. ಹಾಗಾದರೆ ಭ − 1 ಕೂಡ ಸುತ್ತಿನ ಅಪವರ್ತ್ಯ. ಅಂದರೆ 31ರ ಅಪವರ್ತ್ಯ. ಭ ಬೆಸಸಂಖ್ಯೆಯಾದ್ದರಿಂದ ಭ − 1 ಸಮಸಂಖ್ಯೆಯೂ ಹೌದು. ಆದುದರಿಂದ ಭ − 1 ಎಂಬುದು 62ರ ಅಪವರ್ತ್ಯವಾಗಿರಲೇಬೇಕು. ಭಾಜಕವೇನಾದರೂ ಇದ್ದರೆ ಅದು 63, 125, 187, 249 ಎಂಬ ಸಾಲಿನಲ್ಲಿಯೇ ಇರಬೇಕು, ಬೇರೆಲ್ಲಿಯೂ ಇರುವಂತಿಲ್ಲ.

ಎರಡನೆಯ ಜರಡಿ

2³¹ನ್ನು ಭಾಗಿಸಿದಾಗ ಶೇಷ 1 ಆದರೆ 2³²ನ್ನು ಭಾಗಿಸಿದಾಗ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಅಂದರೆ, ಭ-ದಿಂದ ಭಾಗಿಸಿದಾಗ 2 ಶೇಷ ಉಳಿಸುವ ಒಂದು ಪೂರ್ಣವರ್ಗ ಇದೆ ಎಂದಾಯಿತು. ಈ ಗುಣ ಎಲ್ಲ ಅವಿಭಾಜ್ಯಗಳಿಗೂ ಇಲ್ಲ. 7ಕ್ಕೆ ಇದೆ: 3ರ ವರ್ಗ 9, ಶೇಷ 2. 17ಕ್ಕೆ ಇದೆ: 6ರ ವರ್ಗ 36, ಶೇಷ 2. 23ಕ್ಕೂ ಇದೆ: 5ರ ವರ್ಗ 25. ಆದರೆ 5ರಿಂದ ಭಾಗಿಸಿದಾಗ ವರ್ಗಗಳ ಶೇಷ 0, 1, 4 ಮಾತ್ರ. 2 ಎಂದಿಗೂ ಬಾರದು. 3, 11, 13 ಇವುಗಳಿಗೂ ಈ ಗುಣವಿಲ್ಲ. 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಉಳಿಸುವ ಅವಿಭಾಜ್ಯಗಳಿಗೆ ಈ ಗುಣವಿದೆ, 3 ಅಥವಾ 5 ಉಳಿಸುವವಕ್ಕೆ ಇಲ್ಲ ಎಂಬುದು ಸಂಖ್ಯಾಶಾಸ್ತ್ರದ ಒಂದು ಸುಂದರ ಪ್ರಮೇಯ. ಅದರ ಸಾಧನೆ ಕೊಂಚ ದೀರ್ಘ. ಕಾಲೇಜಿನ ಪಠ್ಯಪುಸ್ತಕಗಳಲ್ಲಿ ದೊರೆಯುತ್ತದೆ.

ಈ ಎರಡು ಜರಡಿಗಳನ್ನೂ ಕೂಡಿಸಿ ಹಿಡಿದರೆ 63, 125, 187, 249ರ ಸಾಲಿನಲ್ಲಿ ಅರ್ಧದಷ್ಟು ಉದುರಿಹೋಗುತ್ತವೆ. 125ನ್ನು 8ರಿಂದ ಭಾಗಿಸಿದರೆ ಶೇಷ 5, 187ಕ್ಕೆ ಶೇಷ 3, ಎರಡೂ ಹೊರಗೆ. ಉಳಿಯುವುದು 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಬರುವ ಸಂಖ್ಯೆಗಳು ಮಾತ್ರ. 46,340ರ ಒಳಗೆ ಮೊದಲ ಬಗೆಯವು 186, ಎರಡನೆಯ ಬಗೆಯವು 187. ಇವುಗಳಲ್ಲಿ ಮೊದಲನೆಯದಾದ 63 ವಿಭಾಜ್ಯವೆಂಬುದು ಮಗ್ಗಿ ಬಲ್ಲವರಿಗೆಲ್ಲ ತಿಳಿದದ್ದೇ; ಅದನ್ನು ಬಿಟ್ಟರೆ ಉಳಿದದ್ದು 372. ಇವುಗಳಲ್ಲಿಯೂ ವಿಭಾಜ್ಯಗಳನ್ನು ತೆಗೆದುಹಾಕಬಹುದು. ಎರಡೂ ಸಾಲುಗಳ ಮೊದಲ ಆರಾರು ಸಂಖ್ಯೆಗಳನ್ನು ಬರೆದರೆ 249, 497, 745, 993, 1241, 1489 ಮತ್ತು 63, 311, 559, 807, 1055, 1303. ಈ ಹನ್ನೆರಡರಲ್ಲಿ ಅವಿಭಾಜ್ಯಗಳು 311, 1303, 1489 ಎಂಬ ಮೂರು ಮಾತ್ರ. ಎಲ್ಲಿಯ 4,800, ಎಲ್ಲಿಯ ಈ ಚಿಕ್ಕ ಪಟ್ಟಿ!

ಒಂದು ಪರೀಕ್ಷೆ

311ನ್ನು ನಾವೇ ಪರೀಕ್ಷಿಸೋಣ. ಹತ್ತಂಕಿಯ ಸಂಖ್ಯೆಯನ್ನು ಉದ್ದುದ್ದ ಭಾಗಿಸಬೇಕಾಗಿಲ್ಲ. ಶೇಷಗಳನ್ನು ವರ್ಗ ಮಾಡುತ್ತ ಹೋದರೆ ಸಾಕು. 2⁸ = 256; ಇದು 311ಕ್ಕೆ 55 ಕಡಮೆ, ಆದುದರಿಂದ ಶೇಷವನ್ನು −55 ಎನ್ನಬಹುದು. ಅದರ ವರ್ಗ 3,025; ಇದರಲ್ಲಿ 311ರ ಹತ್ತು ಪಾಲಾದ 3,110ನ್ನು ಕಳೆದರೆ −85. ಇದು 2¹⁶ರ ಶೇಷ. ಮತ್ತೆ ವರ್ಗ ಮಾಡಿದರೆ 7,225; ಇದರಲ್ಲಿ 311 × 23 = 7,153ನ್ನು ಕಳೆದರೆ 72. ಇದು 2³²ರ ಶೇಷ. ಅರ್ಧ ಮಾಡಿದರೆ 2³¹ರ ಶೇಷ 36. ಅದು 1 ಆಗಿದ್ದರೆ 311 ಭಾಜಕವಾಗುತ್ತಿತ್ತು. ಆಗಲಿಲ್ಲ, ಆದ್ದರಿಂದ 311 ಭಾಜಕವಲ್ಲ. ಪಟ್ಟಿಯಲ್ಲಿ ಉಳಿದ ಒಂದೊಂದನ್ನೂ ಹೀಗೆಯೇ ಪರೀಕ್ಷಿಸಿದರೆ ಒಂದೂ ಭಾಗಿಸುವುದಿಲ್ಲ. ಅಲ್ಲಿಗೆ 2³¹ − 1 ಅವಿಭಾಜ್ಯವೆಂದು ಸಿದ್ಧವಾಗುತ್ತದೆ.

ಇದೇ ಜರಡಿಯನ್ನು ಕತಾಲ್ಡಿಯ 37ಕ್ಕೆ ಹಿಡಿದು ನೋಡಿ. ಭಾಜಕಗಳು 74ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಬೇಕು: 75, 149, 223. ಇವುಗಳಲ್ಲಿ 75 ವಿಭಾಜ್ಯ; 149ನ್ನು 8ರಿಂದ ಭಾಗಿಸಿದರೆ ಶೇಷ 5, ಆದುದರಿಂದ ಅದೂ ಹೊರಗೆ. 223ಕ್ಕೆ ಶೇಷ 7; ಪರೀಕ್ಷೆಗೆ ಅರ್ಹ. 2⁸ರ ಶೇಷ 33, 2¹⁶ರ ಶೇಷ −26, 2³²ರ ಶೇಷ 7. ಅದನ್ನು 2⁵ ಆದ 32ರಿಂದ ಗುಣಿಸಿದರೆ 224, ಶೇಷ 1! ಹನ್ನೆರಡು ಅಂಕಿಗಳ 2³⁷ − 1 ಎಂಬ ಸಂಖ್ಯೆ, ಪರೀಕ್ಷೆಗೆ ನಿಂತ ಮೊದಲ ಭಾಜಕದ ಮುಂದೆಯೇ ಕುಸಿದುಬಿದ್ದಿತು. ಜರಡಿ ಹಿಡಿಯದೆ ಹೇಳಿಕೆ ಕೊಡುವುದರ ಅಪಾಯ ಇದರಿಂದ ಸ್ಪಷ್ಟವಾಗುತ್ತದೆ.

ಮುಂದೆ ಯಾರೂ ಹೋಗಲಾರರೇ?

ನಮ್ಮ ಸಂಖ್ಯೆ ಹಡೆಯುವ ಪರಿಪೂರ್ಣ ಸಂಖ್ಯೆ 2305843008139952128, ಹತ್ತೊಂಬತ್ತು ಅಂಕಿಗಳದು. ಇಂಗ್ಲೆಂಡಿನ ಪೀಟರ್ ಬಾರ್ಲೋ ಎಂಬ ಗಣಿತಜ್ಞನು 1811ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಎಂದಿಗೂ ಕಂಡುಹಿಡಿಯಲಾರರೆಂದು ಅಭಿಪ್ರಾಯಪಟ್ಟನು. ಇಂಥ ಸಂಖ್ಯೆಗಳು ಬರಿಯ ಕುತೂಹಲದ ವಸ್ತುಗಳು, ಉಪಯೋಗಕ್ಕೆ ಬಾರದವು. ಆದುದರಿಂದ ಅವುಗಳಿಗಾಗಿ ಯಾರೂ ಶ್ರಮಪಡಲಾರರು ಎಂಬುದು ಅವನು ಕೊಟ್ಟ ಕಾರಣ. ಈ ಮಾತಿನ ಎರಡು ಭಾಗಗಳೂ ಹುಸಿಯಾದುವು.

ಮೊದಲು ಶ್ರಮದ ಮಾತು. 1876ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ಮೂವತ್ತೊಂಬತ್ತು ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ಸಾಧಿಸಿದನು. ಅಷ್ಟು ದೊಡ್ಡ ಸಂಖ್ಯೆಗೆ ಆಯ್ಲರನ ಜರಡಿಯೂ ಸಾಲದು. ಲ್ಯೂಕಾ ಭಾಜಕಗಳನ್ನು ಹುಡುಕುವ ಗೋಜಿಗೇ ಹೋಗಲಿಲ್ಲ. ಅವನ ವಿಧಾನವನ್ನು 1930ರಲ್ಲಿ ಅಮೆರಿಕದ ಡಿ. ಎಚ್. ಲೇಮರ್ ಸರಳಗೊಳಿಸಿದನು. 4ರಿಂದ ಆರಂಭಿಸಿ, ವರ್ಗ ಮಾಡಿ 2ನ್ನು ಕಳೆಯುವುದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳುವುದು, ಇಷ್ಟೇ ಕ್ರಿಯೆ. ಇದನ್ನು ಘಾತಾಂಕಕ್ಕಿಂತ ಎರಡು ಕಡಮೆ ಬಾರಿ ಮಾಡಬೇಕು. ಕೊನೆಗೆ ಶೂನ್ಯ ಬಂದರೆ ಅವಿಭಾಜ್ಯ, ಬಾರದಿದ್ದರೆ ವಿಭಾಜ್ಯ. 2⁵ − 1 = 31ಕ್ಕೆ ಮೂರು ಬಾರಿ: 4ರಿಂದ 14; 14ರಿಂದ 194, ಶೇಷ 8; 8ರಿಂದ 62, ಶೇಷ 0. ಆದುದರಿಂದ 31 ಅವಿಭಾಜ್ಯ. ನಮ್ಮ ಸಂಖ್ಯೆಗೆ ಇಪ್ಪತ್ತೊಂಬತ್ತು ಬಾರಿ ಮಾಡಿದರೆ ಮುಗಿಯಿತು.

ಈ ಪರೀಕ್ಷೆಯ ವೈಚಿತ್ರ್ಯವೆಂದರೆ ಒಂದು ಸಂಖ್ಯೆ ವಿಭಾಜ್ಯವೆಂದು ಹೇಳುತ್ತದೆ, ಭಾಜಕ ಯಾವುದೆಂದು ಮಾತ್ರ ಹೇಳುವುದಿಲ್ಲ. 2⁶⁷ − 1 ವಿಭಾಜ್ಯವೆಂದು ಲ್ಯೂಕಾ 1876ರಲ್ಲಿಯೇ ತಿಳಿಸಿದ್ದನು. ಅದರ ಅಪವರ್ತನಗಳು 193707721 ಮತ್ತು 761838257287 ಎಂದು ಅಮೆರಿಕದ ಎಫ್. ಎನ್. ಕೋಲ್ ಮುಂದಿಟ್ಟದ್ದು 1903ರಲ್ಲಿ.

1952ರಲ್ಲಿ ರಾಫೆಲ್ ರಾಬಿನ್ಸನ್ ಎಂಬ ಗಣಿತಜ್ಞನು ಲಾಸ್ ಏಂಜಲೀಸಿನ ಸ್ವಾಕ್ ಎಂಬ ವಿದ್ಯುನ್ಮಾನ ಗಣಕಯಂತ್ರಕ್ಕೆ ಈ ಪರೀಕ್ಷೆಯನ್ನು ಕಲಿಸಿ, ಒಂದೇ ವರ್ಷದಲ್ಲಿ ಐದು ಹೊಸ ಮರ್ಸೆನ್ ಅವಿಭಾಜ್ಯಗಳನ್ನು ಹೊರತೆಗೆದನು. 2024ರ ಅಕ್ಟೋಬರಿನಲ್ಲಿ ಘಾತಾಂಕ 13,62,79,841 ಆಗಿರುವ ಅವಿಭಾಜ್ಯವೊಂದು ದೊರೆಯಿತು. ಅದರಲ್ಲಿ 4,10,24,320 ಅಂಕಿಗಳಿವೆ. ಕಾಲಕ್ರಮದಲ್ಲಿ ಅದು ಐವತ್ತೆರಡನೆಯ ಮರ್ಸೆನ್ ಅವಿಭಾಜ್ಯ; ಆಯ್ಲರನದು ಎಂಟನೆಯದು. ಇಂಥವು ಅನಂತವಾಗಿವೆಯೇ, ಅಥವಾ ಎಲ್ಲಿಯಾದರೂ ನಿಂತುಹೋಗುತ್ತವೆಯೇ ಎಂಬುದನ್ನು ಇದುವರೆಗೆ ಯಾರೂ ಸಾಧಿಸಿಲ್ಲ.

ಉಪಯೋಗದ ಮಾತು

ಇನ್ನು ಉಪಯೋಗ. ಗಣಕಯಂತ್ರಗಳಲ್ಲಿ ಪೂರ್ಣಸಂಖ್ಯೆಗಳನ್ನು 0 ಮತ್ತು 1 ಎಂಬ ಬಿಟ್‌ಗಳ ಸಾಲಾಗಿ ಬರೆದಿಡುತ್ತಾರೆ. 32 ಬಿಟ್‌ಗಳ ಕೋಶದಲ್ಲಿ ಒಂದು ಬಿಟ್ ಧನ-ಋಣ ಚಿಹ್ನೆಗೆ ಹೋದರೆ ಉಳಿಯುವ 31ರಲ್ಲಿ ಹಿಡಿಯುವ ಅತ್ಯಂತ ದೊಡ್ಡ ಸಂಖ್ಯೆ 2³¹ − 1. ಯೂಟ್ಯೂಬಿನಲ್ಲಿ ಕೊರಿಯದ ಹಾಡೊಂದರ ವೀಕ್ಷಣೆಗಳು ಈ ಮಿತಿಯನ್ನು ಮುಟ್ಟಿದ್ದರಿಂದ 2014ರಲ್ಲಿ ಅಲ್ಲಿಯ ಎಣಿಕೆಯ ಕೋಶವನ್ನು 64 ಬಿಟ್‌ಗಳಿಗೆ ಹಿಗ್ಗಿಸಬೇಕಾಯಿತು. 1970ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುವ 32 ಬಿಟ್ ಗಡಿಯಾರಗಳು 2038ರ ಜನವರಿ 19ರಂದು, ಭಾರತದ ವೇಳೆ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಇದೇ ಸಂಖ್ಯೆಯನ್ನು ತಲಪುತ್ತವೆ. ಆದರೆ ಇಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಈ ಎರಡು ಪ್ರಸಂಗಗಳಲ್ಲಿಯೂ ಮುಖ್ಯವಾದುದು ಸಂಖ್ಯೆಯ ಗಾತ್ರವೇ ಹೊರತು ಅದರ ಅವಿಭಾಜ್ಯತೆಯಲ್ಲ.

ಅವಿಭಾಜ್ಯತೆಯೇ ದುಡಿಯುವ ಪ್ರಸಂಗ ಬೇರೆ ಇದೆ. ಅನಿಲದ ಅಣುಗಳ ಚಲನೆ, ನ್ಯೂಟ್ರಾನುಗಳ ಸಂಚಾರ ಮುಂತಾದವನ್ನು ಗಣಕಯಂತ್ರದಲ್ಲಿ ಅನುಕರಿಸಲು ಭೌತವಿಜ್ಞಾನಿಗಳಾದ ನಮಗೆ ದಾಳ ಎಸೆದಂತೆ ಬರುವ ಯಾದೃಚ್ಛಿಕ ಸಂಖ್ಯೆಗಳು ಬೇಕಾಗುತ್ತವೆ. ಯಂತ್ರಕ್ಕೆ ದಾಳ ಎಸೆಯಲು ಬಾರದು. ಲೆಕ್ಕ ಮಾಡಲು ಬರುತ್ತದೆ. ಚಿಕ್ಕ ಉದಾಹರಣೆಯನ್ನು ನೋಡಿ. 1ರಿಂದ ಹೊರಟು, ಪ್ರತಿಸಾರಿ 3ರಿಂದ ಗುಣಿಸಿ 7ರಿಂದ ಭಾಗಿಸಿದ ಶೇಷವನ್ನು ಬರೆದರೆ 1, 3, 2, 6, 4, 5, ಮತ್ತೆ 1. ಆರು ಶೇಷಗಳೂ ಒಂದೊಂದು ಸಾರಿ ಬಂದುವು, ಕ್ರಮವಿಲ್ಲದಂತೆ ಕಾಣುತ್ತ. 7ರ ಬದಲು ವಿಭಾಜ್ಯವಾದ 8ನ್ನು ತೆಗೆದುಕೊಂಡರೆ 1, 3, 1, 3. ಎರಡೇ ಹೆಜ್ಜೆಗೆ ಸುತ್ತು ಮುಗಿಯಿತು. 7ರ ಸ್ಥಾನದಲ್ಲಿ 2³¹ − 1ನ್ನೂ 3ರ ಸ್ಥಾನದಲ್ಲಿ 16,807ನ್ನೂ ಇಟ್ಟರೆ 1ರಿಂದ 2,14,74,83,646ರವರೆಗಿನ ಪ್ರತಿಯೊಂದು ಸಂಖ್ಯೆಯೂ ಒಂದೊಂದು ಬಾರಿ ಬಂದ ಮೇಲೆಯೇ ಸುತ್ತು ಮರಳುತ್ತದೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಎಂಬಿಬ್ಬರು ಇದನ್ನೇ ಕನಿಷ್ಠ ಮಟ್ಟದ ಅಳತೆಗೋಲಾಗಿ ಬಳಸಬೇಕೆಂದು ಸಲಹೆ ಮಾಡಿದರು. ಇಂದು ಇದಕ್ಕಿಂತ ಉತ್ತಮವಾದ ವಿಧಾನಗಳು ಬಂದಿವೆ. ಆದರೂ ಅನೇಕ ವರ್ಷ ಇದು ಪ್ರಯೋಗಶಾಲೆಗಳ ಕೆಲಸವನ್ನು ನಡೆಸಿಕೊಟ್ಟಿತು.

ಬಾರ್ಲೋ ನಿರುಪಯುಕ್ತವೆಂದ ವಸ್ತು ಹೀಗೆ ಉಪಯೋಗಕ್ಕೆ ಬಂದಿತು. ಆದರೆ ಆಯ್ಲರನು ಅದನ್ನು ಊಹಿಸಿ ಈ ಕಾರ್ಯಕ್ಕೆ ಕೈಹಾಕಿದವನಲ್ಲ. ಅವನ ಮುಂದಿದ್ದುದು ಒಂದೇ ಪ್ರಶ್ನೆ: ಇಲ್ಲವೆಂದು ಖಚಿತವಾಗಿ ಹೇಳುವುದು ಹೇಗೆ? ಇರಬಹುದಾದ ಜಾಗಗಳನ್ನೆಲ್ಲ ತರ್ಕದಿಂದ ಕಿರಿದುಗೊಳಿಸಿ, ಉಳಿದ ಜಾಗವನ್ನು ಪೂರ್ತಿಯಾಗಿ ಶೋಧಿಸಿದರೆ ಇಲ್ಲವೆಂಬ ಮಾತಿಗೂ ಇದೆಯೆಂಬ ಮಾತಿನಷ್ಟೇ ಬಲ ಬರುತ್ತದೆ. ಗಣಿತದಲ್ಲಿ ಮಾತ್ರವಲ್ಲ, ಎಲ್ಲ ಶಾಸ್ತ್ರಗಳಲ್ಲಿಯೂ ಈ ಶಿಸ್ತು ಅವಶ್ಯಕ.

ಕೊನೆಯದಾಗಿ ವಾಚಕರಿಗೊಂದು ಅಭ್ಯಾಸ. ಕತಾಲ್ಡಿಯ ಪಟ್ಟಿಯಲ್ಲಿದ್ದ 2²³ − 1 = 83,88,607 ಎಂಬುದಕ್ಕೆ ಎರಡು ಜರಡಿಗಳನ್ನೂ ಹಿಡಿಯಿರಿ. ಪರೀಕ್ಷೆಗೆ ಉಳಿಯುವ ಮೊದಲ ಸಂಖ್ಯೆ ಯಾವುದೆಂದು ಕಂಡುಕೊಂಡು, ಶೇಷಗಳನ್ನು ವರ್ಗ ಮಾಡುತ್ತ ಹೋಗಿರಿ. ಒಂದು ಹಾಳೆ, ಒಂದು ಪೆನ್ಸಿಲು, ಐದು ನಿಮಿಷ ಸಾಕು. ಫರ್ಮಾ 1640ರಲ್ಲಿ ಕಂಡ ಉತ್ತರ ನಿಮ್ಮ ಕೈಯಲ್ಲಿಯೇ ಮೂಡುತ್ತದೆ.